ಸ್ಟಾರ್ಮಂಟ್‌ನ 90 ಶಾಸಕರು ಮತ್ತು ಸಹಿಯ ಪಕ್ಕದ ಆ ಒಂದು ಪದ

ಬೆಲ್‌ಫಾಸ್ಟ್‌ನ ಹೊರವಲಯದಲ್ಲಿರುವ ಸ್ಟಾರ್ಮಂಟ್‌ಗೆ ಬಂದಿದ್ದೇವೆ. ಏರುದಾರಿಯ ತುದಿಯಲ್ಲಿ ಕಾಣುವ ಆ ಬಿಳಿಯ ಕಟ್ಟಡದಲ್ಲಿ ಉತ್ತರ ಐರ್ಲೆಂಡಿನ ಶಾಸನಸಭೆ ಸೇರುತ್ತದೆ. ಇಲ್ಲಿ 18 ಕ್ಷೇತ್ರಗಳಿಂದ ತಲಾ ಐವರಂತೆ 90 ಸದಸ್ಯರಿದ್ದಾರೆ. ಮತದಾರರು ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯುವುದರಿಂದ ಸಣ್ಣ ಪಕ್ಷಗಳಿಗೂ ಸ್ಥಾನ ದಕ್ಕುತ್ತದೆ, ಅದು ನನಗೆ ಬಹಳ ಮೆಚ್ಚುಗೆಯಾದ ಪದ್ಧತಿ.

2022ರ ಮೇ ತಿಂಗಳ ಚುನಾವಣೆಯಲ್ಲಿ ಶಿನ್ ಫೇನ್ 27, ಡಿಯುಪಿ (ಡೆಮಾಕ್ರಟಿಕ್ ಯೂನಿಯನಿಸ್ಟ್ ಪಕ್ಷ) 25, ಅಲಯನ್ಸ್ 17, ಅಲ್‌ಸ್ಟರ್ ಯೂನಿಯನಿಸ್ಟ್ ಪಕ್ಷ 9, ಎಸ್‌ಡಿಎಲ್‌ಪಿ (ಸೋಷಿಯಲ್ ಡೆಮಾಕ್ರಟಿಕ್ ಅಂಡ್ ಲೇಬರ್ ಪಕ್ಷ) 8 ಸ್ಥಾನ ಗೆದ್ದವು. ಐರ್ಲೆಂಡ್ ಒಂದಾಗಬೇಕೆನ್ನುವ ಪಕ್ಷವೊಂದು ಇಲ್ಲಿ ಅಗ್ರಸ್ಥಾನಕ್ಕೆ ಏರಿದ್ದು ಅದೇ ಮೊದಲು.

ಆದರೆ ಗೆದ್ದು ಬಂದ ಸದಸ್ಯರು ಪಟ್ಟಿಗೆ ಸಹಿ ಹಾಕುವಾಗ ತಾವು ಬ್ರಿಟನ್ನಿನ ಭಾಗವಾಗಿಯೇ ಉಳಿಯಬೇಕೆನ್ನುವ ಯೂನಿಯನಿಸ್ಟರೋ, ಐರ್ಲೆಂಡ್ ಒಂದಾಗಬೇಕೆನ್ನುವ ನ್ಯಾಷನಲಿಸ್ಟರೋ, ಎರಡೂ ಅಲ್ಲದ ಇತರರೋ ಎಂಬುದನ್ನೂ ನಮೂದಿಸಬೇಕು. ನನ್ನ ತಕರಾರೆಲ್ಲ ಇರುವುದು ಈ ಒಂದು ಪದದ ಮೇಲೆ. ಚುನಾವಣೆಯ ನಂತರ ಯೂನಿಯನಿಸ್ಟರು 37, ನ್ಯಾಷನಲಿಸ್ಟರು 35, ಇತರರು 18 ಮಂದಿಯಿದ್ದರು. ಮಹತ್ವದ ನಿರ್ಣಯಕ್ಕೆ ಒಟ್ಟು ಬಹುಮತ ಸಾಲದು, ಮೊದಲೆರಡು ಪಂಗಡಗಳ ಬೆಂಬಲವೂ ಪ್ರತ್ಯೇಕವಾಗಿ ಬೇಕು, ಶೇ. 60ರಷ್ಟು ಸದಸ್ಯರು ಒಪ್ಪಿದರೂ ಆ ಎರಡೂ ಪಂಗಡಗಳಲ್ಲಿ ತಲಾ ಕನಿಷ್ಠ ಶೇ. 40ರಷ್ಟು ಮಂದಿ ಒಪ್ಪಿರಬೇಕು. ಇತರರ ಸಾಲಿಗೆ ಸೇರಿದ ಅಲಯನ್ಸ್‌ನ 17 ಮಂದಿಯ ಮತ ಒಟ್ಟು ಎಣಿಕೆಗೆ ಸೇರುತ್ತದೆಯೇ ಹೊರತು ಪಂಗಡದ ಒಪ್ಪಿಗೆಯಲ್ಲಿ ಅದಕ್ಕೆ ಜಾಗವಿಲ್ಲ. ಅವರನ್ನು ಆರಿಸಿದ ಮತದಾರರಿಗೆ ಇದು ಅನ್ಯಾಯ.

ಹಾಗೆಂದು ಈ ನಿಯಮವನ್ನು ಪೂರ್ತಿ ಕಿತ್ತೊಗೆಯಿರಿ ಎನ್ನಲೂ ಮನಸ್ಸು ಬರುವುದಿಲ್ಲ. ಮೂರು ದಶಕಗಳ ರಕ್ತಪಾತದ ನಂತರ, 1998ರ ಶಾಂತಿ ಒಪ್ಪಂದದಲ್ಲಿ ಎರಡೂ ಕಡೆಯವರಿಗೆ ಧೈರ್ಯ ಕೊಟ್ಟದ್ದು ಇದೇ ರಕ್ಷಣೆ.

  

ಇಲ್ಲಿನ ಸರ್ಕಾರದ ಜೋಡಿ ಮುಖ್ಯಸ್ಥರಾದ ಫಸ್ಟ್ ಮಿನಿಸ್ಟರ್ ಮತ್ತು ಡೆಪ್ಯುಟಿ ಫಸ್ಟ್ ಮಿನಿಸ್ಟರ್ ಅಧಿಕಾರದಲ್ಲಿ ಸಮಾನರು, ಒಬ್ಬರು ರಾಜೀನಾಮೆ ಕೊಟ್ಟರೆ ಇನ್ನೊಬ್ಬರ ಹುದ್ದೆಯೂ ಹೋಗುತ್ತದೆ. ಸ್ಪೀಕರ್ ಆಯ್ಕೆಗೂ ಎರಡೂ ಪಂಗಡಗಳ ಒಪ್ಪಿಗೆ ಬೇಕು. ಚುನಾವಣೆಯ ನಂತರ ಬ್ರೆಕ್ಸಿಟ್‌ನ ವ್ಯಾಪಾರ ನಿಯಮಗಳನ್ನು ವಿರೋಧಿಸಿ ಡಿಯುಪಿ ಬೆಂಬಲ ಕೊಡದೇ ಹೋದಾಗ, 37 ಯೂನಿಯನಿಸ್ಟರಲ್ಲಿ 25 ಮಂದಿ ಅವರೇ ಆಗಿದ್ದರಿಂದ ಸ್ಪೀಕರ್ ಆಯ್ಕೆಯೇ ಸಾಧ್ಯವಾಗಲಿಲ್ಲ, ಸ್ಪೀಕರ್ ಇಲ್ಲದೆ ಸರ್ಕಾರ ರಚನೆಯೂ ಆಗಲಿಲ್ಲ. 2024ರ ಫೆಬ್ರವರಿ 3ರಂದು ಶಿನ್ ಫೇನ್‌ನ ಮಿಶೆಲ್ ಓನೀಲ್ ಫಸ್ಟ್ ಮಿನಿಸ್ಟರ್ ಆಗಿ ಮತ್ತು ಡಿಯುಪಿಯ ಎಮ್ಮಾ ಲಿಟಲ್-ಪೆಂಗೆಲಿ ಡೆಪ್ಯುಟಿಯಾಗಿ ಅಧಿಕಾರ ವಹಿಸಿಕೊಳ್ಳುವವರೆಗೂ ಜನರಿಗೆ ತಾವೇ ಆರಿಸಿದ ಸರ್ಕಾರವಿರಲಿಲ್ಲ. ಬೇರೆ ಯಾವುದಕ್ಕೆ ಈ ನಿಯಮ ಉಳಿದರೂ ಸರಿ, ಸ್ಪೀಕರ್ ಆಯ್ಕೆಯಲ್ಲಿ ಮಾತ್ರ 90 ಮತಗಳಿಗೂ ಒಂದೇ ತೂಕವಿರಬೇಕು.