ಹಳೆಯ ಕ್ಯಾಮೆರಾ, ಸ್ಟುಡಿಯೊ ಲೈಟು

ಕೇಳುಗರಿಗೆಲ್ಲ ನಮಸ್ಕಾರ.

ಬೀರುವಿನ ಮೂಲೆಯಿಂದ ಅಪ್ಪನ ಕಾಲದ ಫಿಲ್ಮ್ ಕ್ಯಾಮೆರಾ ಹೊರಗೆ ತೆಗೆದು, ಧೂಳು ಒರೆಸಿ, ರೋಲ್ ಹಾಕುವ ಹುಡುಗ ಹುಡುಗಿಯರು ಈಗ ಅಲ್ಲಲ್ಲಿ ಸಿಗುತ್ತಾರೆ. ಬಿಸಿಲಲ್ಲಿ ನಾಲ್ಕು ಫೋಟೊ ತೆಗೆದು ರುಚಿ ಹತ್ತಿದ ಮೇಲೆ ಮುಂದಿನ ಆಸೆ ಹುಟ್ಟುತ್ತದೆ. ಯಾರನ್ನಾದರೂ ಕೂರಿಸಿ, ಛತ್ರಿ ಕಟ್ಟಿದ ಸ್ಟುಡಿಯೊ ಲೈಟ್ ಹಚ್ಚಿ, ಒಂದು ಒಳ್ಳೆಯ ಭಾವಚಿತ್ರ ತೆಗೆಯಬೇಕು. ತೊಡಕು ಶುರುವಾಗುವುದೇ ಅಲ್ಲಿ. ಕ್ಯಾಮೆರಾ ನಲವತ್ತು ವರ್ಷ ಹಳೆಯದು, ಲೈಟ್ ಹೋದ ವರ್ಷದ್ದು. ಇವೆರಡಕ್ಕೂ ಗಂಟು ಹಾಕುವುದು ಹೇಗೆ?

ಕಷ್ಟವೇನಿಲ್ಲ. ನನ್ನನ್ನು ಕೇಳಿದರೆ ಡಿಜಿಟಲ್ ಕ್ಯಾಮೆರಾಗಿಂತ ಇದೇ ಸುಲಭ. ಹೊಸ ಕ್ಯಾಮೆರಾ ಮತ್ತು ಹೊಸ ಫ್ಲ್ಯಾಶ್ ತಮ್ಮತಮ್ಮಲ್ಲೇ ನೂರೆಂಟು ಮಾತಾಡಿಕೊಳ್ಳುತ್ತವೆ: ಲೆನ್ಸ್ ಯಾವುದು, ದೂರ ಎಷ್ಟು, ಬೆಳಕು ಎಷ್ಟು ಬೇಕು. ಹಳೆಯ ಕ್ಯಾಮೆರಾ ಹೇಳುವುದು ಒಂದೇ ಮಾತು: "ಈಗ." ಫಿಲ್ಮಿಗೆ ಬೆಳಕು ಬಿಡುವ ಬಾಗಿಲು, ಅಂದರೆ ಶಟರ್, ಪೂರ್ತಿ ತೆರೆದ ಗಳಿಗೆಗೆ ಒಳಗಿನ ಎರಡು ಲೋಹದ ಪಟ್ಟಿಗಳು ಒಂದಕ್ಕೊಂದು ತಾಗುತ್ತವೆ, ಬಾಗಿಲ ಕರೆಗಂಟೆಯ ಗುಂಡಿ ಒತ್ತಿದಾಗ ಆಗುತ್ತದಲ್ಲ, ಹಾಗೆ. ಸರ್ಕ್ಯೂಟ್ ಕೂಡುತ್ತದೆ, ಫ್ಲ್ಯಾಶ್ ಹೊಡೆಯುತ್ತದೆ. ಬೆಳಕು ಹೆಚ್ಚಾಯಿತೋ ಕಡಿಮೆಯಾಯಿತೋ, ಛತ್ರಿ ಎಲ್ಲಿದೆ, ಕ್ಯಾಮೆರಾಗೆ ಸಂಬಂಧವಿಲ್ಲ. ಅದು ಪೂರ್ತಿ ನಮ್ಮ ತಲೆನೋವು.

ಆ "ಈಗ" ಕ್ಯಾಮೆರಾದಿಂದ ಹೊರಬರುವುದಕ್ಕೆ ಎರಡು ದಾರಿ. ಒಂದು, ನೆತ್ತಿಯ ಮೇಲೆ ಫ್ಲ್ಯಾಶ್ ಕೂರಿಸುವ ಜಾಗ, ಹಾಟ್ ಶೂ. ಅದರ ನಡುವಿನ ಚುಕ್ಕೆ ಒಂದು ತುದಿ, ಅಂಚಿನ ಲೋಹದ ಹಳಿ ಇನ್ನೊಂದು ತುದಿ. ಇನ್ನೊಂದು ದಾರಿ, ಮೈಮೇಲಿರುವ ಪುಟ್ಟ ದುಂಡನೆಯ ತೂತು, ಪಿಸಿ ಸಾಕೆಟ್. ಜರ್ಮನಿಯ ಪ್ರೊಂಟರ್, ಕೊಂಪೂರ್ ಎಂಬ ಎರಡು ಶಟರುಗಳಿಂದ ಬಂದ ಹೆಸರು. ಪೆಂಟಾಕ್ಸ್ ಕೆ1000, ನಿಕಾನ್ ಎಫ್‌ಎಂ2ನಂಥ ಕ್ಯಾಮೆರಾಗಳಲ್ಲಿ ಎರಡೂ ಇವೆ. ಇನ್ನೂ ಹಳೆಯವುಗಳ ನೆತ್ತಿಯ ಮೇಲಿರುವುದು ಬರೀ ಫ್ಲ್ಯಾಶ್ ಸಿಕ್ಕಿಸುವ ಜಾಗ. ನಡುವೆ ಚುಕ್ಕೆ ಇರುವುದಿಲ್ಲ, ಕರೆಂಟೂ ಇರುವುದಿಲ್ಲ. ಅಲ್ಲಿ ಪಿಸಿ ಸಾಕೆಟ್ಟೇ ಗತಿ. ನಿಕಾನ್ ಎಫ್3 ಇದ್ದವರಿಗೆ ಬೇರೆಯೇ ಗೋಳು. ಅದರ ಫ್ಲ್ಯಾಶ್ ಕೂರುವುದು ರೋಲ್ ಹಿಂದಕ್ಕೆ ಸುತ್ತುವ ಗುಬುಟಿನ ಮೇಲೆ, ಅದೂ ತನ್ನದೇ ಆಕಾರದ ಜಾಗದಲ್ಲಿ. ವೈರಿಲ್ಲದೆ ಲೈಟ್ ಹೊಡೆಸುವ ಸಾಮಾನ್ಯ ಟ್ರಿಗರ್ ಕೂರಿಸಬೇಕಾದರೆ ಅಡಾಪ್ಟರ್ ಹುಡುಕಬೇಕು. ಅದರ ಬದಲು ಪಿಸಿ ಸಾಕೆಟ್ಟಿಗೆ ವೈರ್ ಚುಚ್ಚುವುದೇ ವಾಸಿ.

ಆ ಸಾಕೆಟ್ಟಿನ ಬಗ್ಗೆ ಒಂದು ಮಾತು. ಫೋಟೊಗ್ರಫಿಯಲ್ಲಿ ಇದಕ್ಕಿಂತ ಕೆಟ್ಟ ಜೋಡಣೆ ಇನ್ನೊಂದಿಲ್ಲ. ವೈರಿಗೆ ಕಾಲು ತಾಗಿದರೆ ಸಾಕು, ಕಳಚಿಕೊಳ್ಳುತ್ತದೆ. ತಿರುಪಿ ಬಿಗಿ ಮಾಡುವ ವೈರ್ ನಿಮ್ಮ ಕ್ಯಾಮೆರಾಗೆ ಒಗ್ಗಿದರೆ ಅದನ್ನೇ ಕೊಳ್ಳಿ. ಇಲ್ಲದಿದ್ದರೆ ವೈರನ್ನು ಕ್ಯಾಮೆರಾ ಪಟ್ಟಿಗೆ ಒಂದು ಸುತ್ತು ಸುತ್ತಿ, ಆಮೇಲೆ ಸಾಕೆಟ್ಟಿಗೆ ಹಾಕಿ. ಎಳೆತ ಪಟ್ಟಿಯ ಮೇಲೆ ಬೀಳುತ್ತದೆ, ಸಾಕೆಟ್ಟಿನ ಮೇಲಲ್ಲ.

ಇನ್ನು ಹಳೆಯ ಕ್ಯಾಮೆರಾಗಳಲ್ಲಿ ಕಾಣುವ ಎಕ್ಸ್ ಮತ್ತು ಎಂ ಗುರುತು. ಹಿಂದೆ ಬಲ್ಬ್ ಫ್ಲ್ಯಾಶ್ ಇತ್ತು, ಒಂದು ಫೋಟೊಗೆ ಒಂದು ಬಲ್ಬ್ ಸುಟ್ಟುಹೋಗುತ್ತಿತ್ತು. ಆ ಬಲ್ಬಿನೊಳಗಿನ ಲೋಹದ ಎಳೆ ಹೊತ್ತಿಕೊಂಡು ಪೂರ್ತಿ ಬೆಳಗುವುದಕ್ಕೆ ಸುಮಾರು 20 ಮಿಲಿಸೆಕೆಂಡ್ ಬೇಕು. ಹಾಗಾಗಿ ಎಂ ಗುರುತಿನಲ್ಲಿ ಕ್ಯಾಮೆರಾ ಶಟರ್ ತೆರೆಯುವುದಕ್ಕೆ ಮೊದಲೇ "ಈಗ" ಅಂದುಬಿಡುತ್ತದೆ. ಈಗಿನ ಎಲೆಕ್ಟ್ರಾನಿಕ್ ಫ್ಲ್ಯಾಶಿಗೆ ಅಷ್ಟು ತಾಳ್ಮೆ ಇಲ್ಲ. 1/1000 ಸೆಕೆಂಡಿನ ಆಸುಪಾಸಿನಲ್ಲಿ ಅದರ ಆಟ ಮುಗಿದಿರುತ್ತದೆ. ಎಂ ಇಟ್ಟು ಹೊಡೆದರೆ ಶಟರ್ ಬಾಯಿ ಬಿಡುವ ಮುಂಚೆಯೇ ಬೆಳಕು ಬಂದು ಹೋಗಿರುತ್ತದೆ. ನಮ್ಮ ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಲೈಟ್ ಹೊಡೆಯಿತು, ಕ್ಲಿಕ್ ಅಂದಿತು. ರೋಲ್ ತೊಳೆಸಿದಾಗ ಏನೂ ಇರುವುದಿಲ್ಲ. ಅನೇಕ ಅವಳಿ ಲೆನ್ಸ್ ಕ್ಯಾಮೆರಾಗಳಲ್ಲಿ ಇದು ಲೆನ್ಸಿನ ಪಕ್ಕದ ಸಣ್ಣ ಕಡ್ಡಿ. ಬ್ಯಾಗಿನಿಂದ ತೆಗೆಯುವಾಗ ಬೆರಳು ತಾಗಿ ಜಾರಿರುತ್ತದೆ. ಪ್ರತಿ ಸಲವೂ ನೋಡಿಕೊಳ್ಳಿ, ಎಕ್ಸ್‌ನಲ್ಲೇ ಇರಬೇಕು.

ಈಗ ಶಟರ್ ಸ್ಪೀಡ್. 35 ಎಂಎಂ ಕ್ಯಾಮೆರಾಗಳಲ್ಲಿ ಬಹುಪಾಲು ಶಟರ್ ಅಂದರೆ ಫಿಲ್ಮಿನ ಮುಂದೆ ಓಡುವ ಎರಡು ಪರದೆ. ಮೊದಲ ಪರದೆ ಸರಿದು ಫಿಲ್ಮ್ ತೆರೆದುಕೊಳ್ಳುತ್ತದೆ, ಎರಡನೆಯದು ಹಿಂದೆಯೇ ಬಂದು ಮುಚ್ಚುತ್ತದೆ. ಸ್ಪೀಡ್ ಕಡಿಮೆ ಇದ್ದರೆ ನಡುವೆ ಒಂದು ಕ್ಷಣ ಫಿಲ್ಮ್ ಪೂರ್ತಿ ತೆರೆದಿರುತ್ತದೆ. ಸ್ಪೀಡ್ ಹೆಚ್ಚಿಸಿದಿರೋ, ಮೊದಲನೆಯದು ದಡ ಮುಟ್ಟುವ ಮೊದಲೇ ಎರಡನೆಯದು ಹೊರಟುಬಿಡುತ್ತದೆ. ಆಗ ಒಂದು ಸೀಳು ಮಾತ್ರ ಫಿಲ್ಮಿನ ಮೇಲೆ ಹಾದುಹೋಗುತ್ತದೆ. ಫ್ಲ್ಯಾಶ್ ಆಗ ಹೊಡೆದರೆ ಸೀಳಿನಷ್ಟೇ ಚಿತ್ರ, ಮಿಕ್ಕಿದ್ದು ಕಪ್ಪು. ಕೆ1000ರಲ್ಲಿ ಬಟ್ಟೆಯ ಪರದೆ ಅಡ್ಡಡ್ಡ ಓಡುತ್ತದೆ, ಮಿತಿ 1/60 ಸೆಕೆಂಡ್. ಎಫ್‌ಎಂ2ರಲ್ಲಿ ಲೋಹದ ಎಲೆಗಳು ಮೇಲೆ ಕೆಳಗೆ ಓಡುತ್ತವೆ, ದೂರ ಕಡಿಮೆ. ಹಾಗಾಗಿ 1982ರಲ್ಲಿ ಬಂದಾಗ 1/200, ಎರಡು ವರ್ಷದ ನಂತರದ ಮಾದರಿಯಲ್ಲಿ 1/250. ನಿಮ್ಮ ಕ್ಯಾಮೆರಾದ ಮಿತಿ ಸ್ಪೀಡ್ ಡಯಲಿನ ಮೇಲೇ ಬರೆದಿರುತ್ತದೆ. ಆ ಅಂಕಿ ಬೇರೆ ಬಣ್ಣದಲ್ಲಿರುತ್ತದೆ, ಇಲ್ಲವೇ ಪಕ್ಕದಲ್ಲಿ ಎಕ್ಸ್ ಗುರುತೋ ಮಿಂಚಿನ ಗುರುತೋ ಇರುತ್ತದೆ. ಅದಕ್ಕಿಂತ ಕಡಿಮೆ ಸ್ಪೀಡ್ ಇಟ್ಟರೆ ತೊಂದರೆಯಿಲ್ಲ, ಮೇಲೆ ಹೋಗಬಾರದು.

ಹ್ಯಾಸಲ್‌ಬ್ಲಾಡ್ 500 ಸಿ/ಎಂ, ಮಾಮಿಯಾ ಆರ್‌ಬಿ67, ಯಾಶಿಕಾ ಮ್ಯಾಟ್ ಇರುವ ಪುಣ್ಯವಂತರಿಗೆ ಈ ಚಿಂತೆ ಇಲ್ಲ. ಅವುಗಳ ಶಟರ್ ಲೆನ್ಸಿನೊಳಗೇ ಇದೆ, ಯಾವ ಸ್ಪೀಡಿನಲ್ಲೂ ಪೂರ್ತಿ ಅರಳುತ್ತದೆ. ಹ್ಯಾಸಲ್‌ಬ್ಲಾಡ್‌ನಲ್ಲಿ 1/500ರವರೆಗೂ ಫ್ಲ್ಯಾಶ್ ಹೊಡೆಯಬಹುದು. ಮಟಮಟ ಮಧ್ಯಾಹ್ನ ಹೊರಾಂಗಣದಲ್ಲಿ ಆಕಾಶವನ್ನು ಗಾಢವಾಗಿಸಿ ಮುಖಕ್ಕೆ ಮಾತ್ರ ಫ್ಲ್ಯಾಶ್ ಹಾಕಬೇಕಾದರೆ ಇದು ತುಂಬಾ ಉಪಯೋಗ.

ಇದೆಲ್ಲ ಸರಿ ಇದೆಯೋ ಇಲ್ಲವೋ ಅಂತ ತಿಳಿಯುವುದಕ್ಕೆ ಒಂದು ರೋಲ್ ಹಾಳು ಮಾಡಬೇಕಾಗಿಲ್ಲ. ಫಿಲ್ಮ್ ಹಾಕುವ ಮುಂಚೆ ಹಿಂಬಾಗಿಲು ತೆರೆಯಿರಿ. ಲೆನ್ಸಿನೊಳಗೆ ಬೆಳಕು ನುಗ್ಗುವ ಕಿಂಡಿ, ಅಂದರೆ ಅಪರ್ಚರ್, ಪೂರ್ತಿ ಅಗಲ ಇಡಿ. ಲೈಟ್ ಅನ್ನು ಬಿಳಿ ಗೋಡೆಗೆ ತಿರುಗಿಸಿ, ಕ್ಯಾಮೆರಾವನ್ನೂ ಅದೇ ಗೋಡೆಗೆ ಹಿಡಿದು, ಹಿಂದಿನಿಂದ ಕಣ್ಣಿಟ್ಟು ಕ್ಲಿಕ್ ಮಾಡಿ. ಫಿಲ್ಮ್ ಕೂರುವ ಆಯತದ ಮೂಲಕ ಲೆನ್ಸಿನ ದುಂಡು ಬೆಳಕು ಇಡಿಯಾಗಿ ಫಳ್ಳನೆ ಕಂಡರೆ ಜೋಡಣೆ ಸರಿ. ಒಂದು ಪಕ್ಕ ಕತ್ತರಿಸಿದ ಹಾಗೆ ಕಂಡರೆ ಸ್ಪೀಡ್ ಹೆಚ್ಚಾಗಿದೆ, ಇಲ್ಲವೇ ಪರದೆ ಮುದಿಯಾಗಿ ಎಳೆಯುತ್ತಿದೆ. ಏನೂ ಕಾಣದಿದ್ದರೆ ಮೊದಲು ಆ ಎಂ ಕಡ್ಡಿ ನೋಡಿ. ಕೆ1000ರಲ್ಲಾದರೆ ಬೇಕೆಂದೇ 60ರ ಬದಲು 250 ಇಟ್ಟು ಒಮ್ಮೆ ನೋಡಿ, ಪರದೆ ಬೆಳಕನ್ನು ಕತ್ತರಿಸುವುದು ಕಣ್ಣಿಗೇ ಬೀಳುತ್ತದೆ. ಪುಸ್ತಕದಲ್ಲಿ ಹತ್ತು ಪುಟ ಓದುವುದಕ್ಕಿಂತ ಇದು ಚೆನ್ನಾಗಿ ತಲೆಗೆ ಹೋಗುತ್ತದೆ.

ಇಷ್ಟಾದ ಮೇಲೆ, ಸಂದೇಶ ಲೈಟಿನವರೆಗೆ ಹೋಗುವ ಬಗೆ. ವೈರ್ ಒಂದು, ಅದರ ಮಾತು ಆಯಿತು. ಎರಡನೆಯದು ಸ್ಲೇವ್. ಸ್ಟುಡಿಯೊ ಲೈಟಿನ ಬೆನ್ನ ಮೇಲೆ ಬೆಳಕು ಕಾಣುವ ಒಂದು ಪುಟ್ಟ ಕಣ್ಣಿರುತ್ತದೆ. ಯಾವುದೋ ಒಂದು ಫ್ಲ್ಯಾಶ್ ಹೊಡೆದರೆ ಅದನ್ನು ನೋಡಿ ತಾನೂ ಹೊಡೆಯುತ್ತದೆ. ಕ್ಯಾಮೆರಾ ಮೇಲೆ ಸಣ್ಣ ಫ್ಲ್ಯಾಶ್ ಇಟ್ಟು, ಪವರ್ ತಗ್ಗಿಸಿ, ಸೂರಿನ ಕಡೆ ತಿರುಗಿಸಿದರೆ ಕೋಣೆಯ ಲೈಟುಗಳೆಲ್ಲ ಒಟ್ಟಿಗೆ ಹೊಡೆಯುತ್ತವೆ. ಖರ್ಚಿಲ್ಲದ ಉಪಾಯ. ಆದರೆ ಕಲ್ಯಾಣ ಮಂಟಪದಲ್ಲಿ ಇದನ್ನು ನಂಬಬೇಡಿ. ಧಾರೆ ಹೊತ್ತಿಗೆ ಮಾವನ ಕಡೆಯವರ ಕ್ಯಾಮೆರಾ ಹೊಡೆದರೂ ನಿಮ್ಮ ಲೈಟ್ ಹೊಡೆಯುತ್ತದೆ. ನೀವು ಒತ್ತುವ ಹೊತ್ತಿಗೆ ಅದು ಇನ್ನೂ ಚಾರ್ಜ್ ಆಗುತ್ತಾ ಕುಂಯ್ ಅನ್ನುತ್ತಿರುತ್ತದೆ.

ಮೂರನೆಯದು ರೇಡಿಯೊ ಟ್ರಿಗರ್. ನನ್ನ ಮಾತು ನಿಮ್ಮ ಮನೆ ತಲುಪುವುದೂ ರೇಡಿಯೊ ಅಲೆಯಿಂದಲೇ, ಆದರೆ ಟ್ರಿಗರಿನ ಅಲೆ ಬೇರೆ. ಈಗಿನವು ಹೆಚ್ಚಾಗಿ 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಹಾಟ್ ಶೂ ಮೇಲೆ ಟ್ರಾನ್ಸ್‌ಮಿಟರ್ ಕೂರಿಸಿ, ಲೈಟ್ ಮ್ಯಾನುಯಲ್‌ನಲ್ಲಿಡಿ, ಮುಗಿಯಿತು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುವ, ಬೆಳಕನ್ನು ತಾನೇ ಅಳೆದು ಹೊಂದಿಸುವ ಟಿಟಿಎಲ್, ಮಿತಿಗಿಂತ ಹೆಚ್ಚಿನ ಸ್ಪೀಡಿನಲ್ಲೂ ಹೊಡೆಯುವ ಹೈ ಸ್ಪೀಡ್ ಸಿಂಕ್ ಯಾವುದೂ ಇಲ್ಲಿ ಕೆಲಸಕ್ಕೆ ಬಾರದು. ಅದಕ್ಕೆ ದುಡ್ಡು ಸುರಿಯಬೇಡಿ, ನಡುವಿನ ಒಂದು ಚುಕ್ಕೆ ಕೆಲಸ ಮಾಡಿದರೆ ಸಾಕು. ಒಂದು ಎಚ್ಚರಿಕೆ: ಈ ಟ್ರಾನ್ಸ್‌ಮಿಟರುಗಳು ಸ್ವಲ್ಪ ಹೊತ್ತು ಕೆಲಸವಿಲ್ಲದಿದ್ದರೆ ನಿದ್ದೆ ಹೋಗುತ್ತವೆ. ಡಿಜಿಟಲ್ ಕ್ಯಾಮೆರಾದಲ್ಲಿ ಗುಂಡಿ ಅರ್ಧ ಒತ್ತಿದರೆ ಎಚ್ಚರಾಗುತ್ತವೆ. ಕೆ1000ಕ್ಕೆ ಹಾಗೆ ಎಬ್ಬಿಸುವುದು ಗೊತ್ತಿಲ್ಲ. ಫೋಟೊ ತೆಗೆದಿರಿ, ಲೈಟ್ ಹೊಡೆಯಲಿಲ್ಲ, ಫ್ರೇಮ್ ಹೋಯಿತು. ಸೆಟ್ಟಿಂಗಿನಲ್ಲಿ ಆ ನಿದ್ದೆಯನ್ನು ಮೊದಲೇ ಆಫ್ ಮಾಡಿಡಿ.

ಗುಜರಿಯಲ್ಲೋ ಮುಚ್ಚಿದ ಸ್ಟುಡಿಯೊದಲ್ಲೋ ಅಗ್ಗಕ್ಕೆ ಸಿಕ್ಕ ಹಳೆಯ ಲೈಟ್ ಇದ್ದರೆ ಇನ್ನೊಂದು ವಿಷಯ ಕೇಳಿ. ಅವುಗಳ ಸಿಂಕ್ ವೈರಿನ ತುದಿಯಲ್ಲಿ 200 ವೋಲ್ಟ್‌ಗಿಂತ ಹೆಚ್ಚು ಇರುವುದುಂಟು. ಪೂರಾ ಯಾಂತ್ರಿಕ ಕ್ಯಾಮೆರಾ ಅದನ್ನು ತಡೆದುಕೊಂಡೀತು. ಎಲೆಕ್ಟ್ರಾನಿಕ್ ಕ್ಯಾಮೆರಾ, ಹೊಸ ಟ್ರಿಗರ್ ಸುಟ್ಟುಹೋಗಬಹುದು. ವೈರನ್ನು ಕ್ಯಾಮೆರಾಗೆ ಹಾಕುವ ಮೊದಲು ಲೈಟ್ ಚಾರ್ಜ್ ಆದ ಮೇಲೆ ಎಲೆಕ್ಟ್ರಿಷಿಯನ್ ಹತ್ತಿರ ಮಲ್ಟಿಮೀಟರಿನಲ್ಲಿ ಡಿಸಿ ವೋಲ್ಟೇಜ್ ಅಳೆಸಿ. ಕೆಟ್ಟುನಿಂತ ಲೈಟನ್ನು ನೀವಾಗಿ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಪ್ರಾಣ ತೆಗೆಯುವಷ್ಟು ಕರೆಂಟ್ ಕೂತಿರುತ್ತದೆ.

ಉಳಿದದ್ದು ಬೆಳಕಿನ ಲೆಕ್ಕ. ಫ್ಲ್ಯಾಶಿನ ಬೆಳಕನ್ನು ಹಿಡಿತದಲ್ಲಿಡುವುದು ಅಪರ್ಚರ್, ಶಟರ್ ಸ್ಪೀಡ್ ಅಲ್ಲ. 60 ಇಟ್ಟರೂ 15 ಇಟ್ಟರೂ ಫ್ಲ್ಯಾಶಿನಿಂದ ಬರುವ ಬೆಳಕು ಅಷ್ಟೇ, ಹಿಂದಿನ ದೀಪಗಳ ಬೆಳಕು ಮಾತ್ರ ಹೆಚ್ಚುತ್ತದೆ. ಕ್ಯಾಮೆರಾದೊಳಗಿನ ಮೀಟರಿನ ಸೂಜಿ ಇಲ್ಲಿ ಸುಳ್ಳು ಹೇಳುತ್ತದೆ. ಅದಕ್ಕೆ ಕಾಣುವುದು ಲೈಟಿನ ನಡುವೆ ಉರಿಯುತ್ತಲೇ ಇರುವ ಮಾಡೆಲಿಂಗ್ ಬಲ್ಬಿನ ಬೆಳಕು, ಇನ್ನೂ ಹೊಡೆಯದ ಫ್ಲ್ಯಾಶ್ ಅದಕ್ಕೇನು ಗೊತ್ತು? ಬರಿಯ ಫ್ಲ್ಯಾಶ್ ಆದರೆ ಗೈಡ್ ನಂಬರ್ ಇದೆ, ಅಂದರೆ ಫ್ಲ್ಯಾಶಿನ ಬಲ ಹೇಳುವ ಅಂಕಿ. ಅದನ್ನು ದೂರದಿಂದ ಭಾಗಿಸಿದರೆ ಅಪರ್ಚರಿನ ಎಫ್ ಅಂಕಿ ಸಿಗುತ್ತದೆ. ಐಎಸ್‌ಒ 100 ಫಿಲ್ಮಿಗೆ, ಐಎಸ್‌ಒ ಅಂದರೆ ಫಿಲ್ಮ್ ಎಷ್ಟು ಬೇಗ ಬೆಳಕು ಹಿಡಿಯುತ್ತದೆಂಬ ಅಳತೆ, ಗೈಡ್ ನಂಬರ್ 32 ಅಂದರೆ, 4 ಮೀಟರ್ ದೂರಕ್ಕೆ ಎಫ್ 8, 2 ಮೀಟರಿಗೆ ಎಫ್ 16. ದೂರ ಅಳೆಯಬೇಕಾದದ್ದು ಲೈಟಿನಿಂದ ಮುಖಕ್ಕೆ, ಕ್ಯಾಮೆರಾದಿಂದ ಅಲ್ಲ. ಛತ್ರಿಯೋ ಬಿಳಿ ಬಟ್ಟೆ ಮುಚ್ಚಿದ ಪೆಟ್ಟಿಗೆಯಂಥ ಸಾಫ್ಟ್‌ಬಾಕ್ಸೋ ಬಂತೆಂದರೆ ಈ ಲೆಕ್ಕ ನಡೆಯುವುದಿಲ್ಲ. ಆಗ ಫ್ಲ್ಯಾಶ್ ಮೀಟರ್ ಬೇಕು. ಕೂತವರ ಗದ್ದದ ಕೆಳಗೆ, ಬಿಳಿ ಗುಮ್ಮಟ ಕ್ಯಾಮೆರಾ ಕಡೆ ಬರುವ ಹಾಗೆ ಹಿಡಿದು ಲೈಟ್ ಹೊಡೆಸಿದರೆ ಅಪರ್ಚರ್ ಎಷ್ಟು ಅಂತ ಅದೇ ಹೇಳುತ್ತದೆ.

ಮೀಟರಿಗೆ ದುಡ್ಡಿಲ್ಲವೇ? ಹಿಂದಿನ ದೊಡ್ಡ ಸ್ಟುಡಿಯೊಗಳವರು ಮೊದಲು ಪೋಲರಾಯ್ಡ್ ಹೊಡೆದು ನೋಡುತ್ತಿದ್ದರು. ಈಗ ಆ ಕೆಲಸಕ್ಕೆ ಯಾರದಾದರೂ ಡಿಜಿಟಲ್ ಕ್ಯಾಮೆರಾ ಸಾಕು. ಫಿಲ್ಮಿನ ಐಎಸ್‌ಒ, ಅದೇ ಸ್ಪೀಡ್, ಅದೇ ಅಪರ್ಚರ್ ಇಟ್ಟು ಮ್ಯಾನುಯಲ್‌ನಲ್ಲಿ ತೆಗೆದು ನೋಡಿ, ಲೈಟ್ ಹೊಂದಿಸಿ. ಆಮೇಲೆ ಟ್ರಾನ್ಸ್‌ಮಿಟರ್ ಕಿತ್ತು ಫಿಲ್ಮ್ ಕ್ಯಾಮೆರಾ ಮೇಲೆ ಕೂರಿಸಿ. ಒಂದು ಸ್ಟಾಪ್ ಹೆಚ್ಚು ಅಂದರೆ ಬೆಳಕು ಎರಡರಷ್ಟು. ಕಲರ್ ನೆಗೆಟಿವ್ ಆದರೆ ಅರ್ಧ ಸ್ಟಾಪ್ ಹೆಚ್ಚೇ ಬೆಳಕು ಕೊಡಿ, ಅದು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಸ್ಲೈಡ್ ಫಿಲ್ಮ್ ಅರ್ಧ ಸ್ಟಾಪನ್ನೂ ಕ್ಷಮಿಸುವುದಿಲ್ಲ.

ಮೊದಲ ರೋಲಿಗೆ ಫ್ರೇಮ್ ಫ್ರೇಮಿನ ಅಪರ್ಚರ್, ಲೈಟಿನ ದೂರ ಚೀಟಿಯಲ್ಲಿ ಬರೆದಿಡಿ. ಲ್ಯಾಬಿನಿಂದ ಬರುವ ಸ್ಕ್ಯಾನ್ ನೋಡಿ ತೀರ್ಮಾನಕ್ಕೆ ಬರಬೇಡಿ. ಸ್ಕ್ಯಾನರ್ ಕಪ್ಪಾದದ್ದನ್ನು ತಿಳಿಯಾಗಿಸಿ, ತಿಳಿಯಾದದ್ದನ್ನು ಕಪ್ಪಾಗಿಸಿ ನಿಮ್ಮ ತಪ್ಪು ಮುಚ್ಚಿಬಿಡುತ್ತದೆ. ನೆಗೆಟಿವ್ ಅನ್ನೇ ಕಿಟಕಿ ಬೆಳಕಿಗೆ ಹಿಡಿದು ನೋಡಿ. ಕಪ್ಪು ಕೂದಲು, ಕಡುಬಣ್ಣದ ಸೀರೆ ಇದ್ದ ಜಾಗದಲ್ಲಿ ಗೆರೆಗಳು ಕಾಣುತ್ತಿದ್ದರೆ ಬೆಳಕು ಸಾಕಾಗಿದೆ, ಬರಿಯ ಬೋಳು ಫಿಲ್ಮ್ ಕಂಡರೆ ಇನ್ನೊಂದು ಸ್ಟಾಪ್ ಬೇಕಿತ್ತು. ಕೆಲವು ಲ್ಯಾಬಿನವರು ಕೇಳದಿದ್ದರೆ ನೆಗೆಟಿವ್ ವಾಪಸ್ ಕೊಡುವುದಿಲ್ಲ, ರೋಲ್ ಕೊಡುವಾಗಲೇ ಹೇಳಿಡಿ.

ನಮಸ್ಕಾರ.