ಉಳುವವನಿಗೆ ಹೊಲ ಸಿಕ್ಕಿತು, ಕೂಲಿಯವಳಿಗೆ?

[ಪರದೆ: ಹಳೆಯ ಪಹಣಿ. ಸಾಗುವಳಿದಾರರ ಕಾಲಂ ಹತ್ತಿರದಿಂದ ಕಾಣುತ್ತದೆ.]

1974ರ ಮಾರ್ಚ್ 1. ಅಂದಿನಿಂದ ಕರ್ನಾಟಕದಲ್ಲಿ ಗೇಣಿಗೆ ಕೊಟ್ಟಿದ್ದ ಜಮೀನು ಸರ್ಕಾರದ ವಶವಾಯಿತು. ಉಳುತ್ತಿದ್ದವರು ಫಾರಂ ನಂಬರ್ 7 ತುಂಬಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು ಗೇಣಿದಾರರೆಂದು ಸಾಬೀತುಪಡಿಸಿದರೆ ಹೊಲ ಅವರದ್ದು. ಮುಖ್ಯಮಂತ್ರಿ ದೇವರಾಜ ಅರಸು ಅವರ ಕಾಲದ ಈ ಭೂಸುಧಾರಣಾ ಕಾಯ್ದೆಯ ಲಾಭ ನಷ್ಟಗಳನ್ನು ಇಂದು ತೂಗಿ ನೋಡೋಣ.

[ಪರದೆ: ಸಾಗರ ತಾಲ್ಲೂಕಿನ ನಕ್ಷೆ, ಕಾಗೋಡು]

ಮೊದಲು ಇದು ಏಕೆ ಬೇಕಾಗಿತ್ತು ಎನ್ನುವುದು. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವೇ ಅವರ ಸಿಟ್ಟಿಗೆ ಒಂದು ಕಾರಣ. ವರ್ಷವಿಡೀ ಕೆಸರಿನಲ್ಲಿ ದುಡಿದವನು ಕಣದಲ್ಲಿ ನಿಂತು, ಒಡೆಯನ ಕೊಳಗ ತನ್ನ ಭತ್ತವನ್ನು ಹೆಚ್ಚು ಹೆಚ್ಚು ನುಂಗುವುದನ್ನು ನೋಡಬೇಕು. ಎದುರು ಮಾತನಾಡಿದರೆ ಮರುವರ್ಷ ಗದ್ದೆಯೇ ಇಲ್ಲ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ನಮ್ಮ ನಾಡಿನ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಗೇಣಿದಾರರ ಬೆನ್ನಿಗೆ ನಿಂತರು.

ನ್ಯಾಯಮಂಡಳಿಯ ಮುಂದೆ ಆರಂಭದಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ನನ್ನ ದೃಷ್ಟಿಯಲ್ಲಿ ಇದು ಆ ಕಾಯ್ದೆಯ ಅತ್ಯಂತ ಮಾನವೀಯ ಭಾಗ. ಅಕ್ಷರ ಬಾರದವನೂ ತನ್ನ ಮಾತನ್ನು ತಾನೇ ಹೇಳಬಹುದಿತ್ತು. ಕರಾವಳಿ ಮತ್ತು ಮಲೆನಾಡಿನಲ್ಲಿ ಅಸಂಖ್ಯ ಕುಟುಂಬಗಳು ಧಣಿಯ ಅಂಗಳದಲ್ಲಿ ಕೈಕಟ್ಟಿ ನಿಲ್ಲುವುದನ್ನು ಬಿಟ್ಟವು, ಮಕ್ಕಳನ್ನು ಓದಿಸಿದವು.

[ಪರದೆ: ನಾಟಿ ಮಾಡುವ ಹೆಂಗಸರು]

ಇನ್ನು ನಷ್ಟದ ಮಾತು. ನೂರಾರು ಎಕರೆ ಇದ್ದವರ ಗೋಳನ್ನು ನಾನು ಹೆಚ್ಚು ಹೊತ್ತು ಹೇಳುವುದಿಲ್ಲ. ಆದರೆ ಒಂದೆರಡು ಎಕರೆಯ ಗೇಣಿಯಿಂದಲೇ ಒಲೆ ಉರಿಸುತ್ತಿದ್ದ ವಿಧವೆಯರಿದ್ದರು. ಸೈನಿಕರಿಗೂ ನಾವಿಕರಿಗೂ ಕೊಟ್ಟ ವಿನಾಯಿತಿಯನ್ನು ಕಾಯ್ದೆ ಈ ಹೆಂಗಸರಿಗೆ ಕೊಡಲಿಲ್ಲ. ದೊಡ್ಡ ಧಣಿಗೂ ಅವರಿಗೂ ಒಂದೇ ಏಟು. ಇದು ತಪ್ಪಿಸಬಹುದಾಗಿದ್ದ ಅನ್ಯಾಯ.

ಅದಕ್ಕಿಂತ ದೊಡ್ಡ ಕೊರತೆ ಕಣ್ಣಿಗೆ ಬೀಳುವುದು ಕಡಿಮೆ. ಕಾಯ್ದೆ ಹೊಲ ಕೊಟ್ಟದ್ದು ಗೇಣಿದಾರನಿಗೆ, ದುಡಿದವರೆಲ್ಲರಿಗೂ ಅಲ್ಲ. ಗೇಣಿಯೂ ಇಲ್ಲದೆ ಕೂಲಿಗಷ್ಟೇ ಗದ್ದೆಗಿಳಿಯುತ್ತಿದ್ದ ದಲಿತರ ಬಳಿ ತೋರಿಸಲು ಚೀಟಿಯಾಗಲಿ ಪಹಣಿಯ ನಮೂದಾಗಲಿ ಇರಲಿಲ್ಲ. ನಾಟಿ, ಕಳೆ, ಕೊಯ್ಲು ಎಲ್ಲವನ್ನೂ ಹೆಂಗಸರು ಮಾಡಿದರು; ಹಕ್ಕುಪತ್ರ ಬಂದದ್ದು ಬಹುಪಾಲು ಗಂಡಸರ ಹೆಸರಿಗೆ.

ಹಾಗಾದರೆ ಕಾಯ್ದೆ ಬೇಡವಾಗಿತ್ತೇ? ಖಂಡಿತ ಬೇಕಿತ್ತು. ಗೇಣಿದಾರನ ಗೆಲುವಿನಿಂದ ವಿಧವೆಯ ನಷ್ಟವನ್ನು ಕಳೆದು ಉಳಿದದ್ದೆಷ್ಟು ಎಂದು ಲೆಕ್ಕ ಹಾಕುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಗೆದ್ದವನು ಗೆದ್ದದ್ದು ನ್ಯಾಯವೇ. ಸೋತವಳಿಗೆ ಕೊಡಬೇಕಾದ ಬಾಕಿಯೂ ಬಾಕಿಯೇ.

[ಪರದೆ: 2020, ಕಲಂ 79ಎ ಮತ್ತು 79ಬಿ]

2020ರಲ್ಲಿ ಇದೇ ಕಾಯ್ದೆಯ ಈ ಎರಡು ಕಲಮುಗಳನ್ನು ತೆಗೆದುಹಾಕಲಾಯಿತು. ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾಯಿತು. ಮಾರುವ ರೈತನಿಗೆ ಒಳ್ಳೆಯ ಬೆಲೆ ಸಿಗುತ್ತದೆ ಎಂಬ ವಾದದಲ್ಲಿ ಹುರುಳಿದೆ. ಆ ಹೊಲದಲ್ಲಿ ಕೂಲಿ ಮಾಡುವವಳಿಗೆ ಏನಾಗುತ್ತದೆ ಎಂಬ ಪ್ರಶ್ನೆ ಈ ಸಲವೂ ಹಿಂದೆಯೇ ಉಳಿಯಿತು.

ನಿಮ್ಮ ಮನೆಯ ಹಳೆಯ ಪಹಣಿ, ಫಾರಂ ನಂಬರ್ 7ರ ಪ್ರತಿ ಸಿಕ್ಕರೆ ತೆಗೆದು ನೋಡಿ. ಅದರಲ್ಲಿ ಅಜ್ಜಿಯ ಹೆಸರಿದೆಯೇ? ಕಮೆಂಟಿನಲ್ಲಿ ಬರೆಯಿರಿ.