ಮೀಟರನ್ನು ಕೊನೆಗೆ ನೋಡಿ

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ನಾವೆಲ್ಲ ಮಾಡುವ ಮೊದಲ ಕೆಲಸ ಏನು ಹೇಳಿ? ಬಾಗಿಲು ತೆಗೆದು, ಬಗ್ಗಿ, ಮೀಟರ್ ನೋಡುತ್ತೇವೆ. ‘ಬರೀ 32 ಸಾವಿರ ಓಡಿದೆ’ ಅಂತ ಕಂಡ ಕೂಡಲೇ ಮನಸ್ಸು ಅರ್ಧ ಒಪ್ಪಿಬಿಡುತ್ತದೆ. ಉಳಿದದ್ದನ್ನೆಲ್ಲ ಸುಮ್ನೆ ಶಾಸ್ತ್ರಕ್ಕೆ ನೋಡುತ್ತೇವೆ. ನಾನು ಹೇಳುವುದು ಇದಕ್ಕೆ ಉಲ್ಟಾ. ಮೊದಲು ಗಾಡಿ ನೋಡಿ, ಎಷ್ಟು ಓಡಿರಬಹುದು ಅಂತ ನೀವೇ ಒಂದು ಅಂದಾಜು ಹಾಕಿ. ಆಮೇಲೆ ಮೀಟರ್ ಕಡೆ ತಿರುಗಿ.

ಹಳೇ ಮೀಟರುಗಳಲ್ಲಿ ಅಂಕಿ ಬರೆದ ಪುಟ್ಟ ಚಕ್ರಗಳಿದ್ದವು. ಓಡಿದ್ದು ಕಡಿಮೆ ಅಂತ ತೋರಿಸಲು ಯಾರಾದರೂ ಕೈಯಾಡಿಸಿದ್ದರೆ ಅಂಕಿಗಳು ಕೆಲವೊಮ್ಮೆ ಮೇಲೆ ಕೆಳಗೆ ಆಗಿ ಗುಟ್ಟು ಬಿಟ್ಟುಕೊಡುತ್ತಿದ್ದವು. ಡಿಜಿಟಲ್ ಬಂದ ಮೇಲೆ ಮೋಸ ನಿಂತಿತು ಅಂದುಕೊಂಡಿದ್ದೀರಾ? ಇಲ್ಲ, ಸುಲಭವಾಯಿತು. ಆ ಸಂಖ್ಯೆ ಒಂದು ಚಿಪ್‌ನಲ್ಲಿ ಇರುತ್ತದೆ. ಎಷ್ಟೋ ಗಾಡಿಗಳಲ್ಲಿ ಒಂದು ಸಣ್ಣ ಉಪಕರಣ ಸಿಕ್ಕಿಸಿ ಅದನ್ನು ಬದಲಾಯಿಸಬಹುದು, ಮೀಟರ್ ನೋಡಿದರೆ ಗೊತ್ತೇ ಆಗುವುದಿಲ್ಲ.

ಆದರೆ ಪೆಡಲ್‌ಗೆ ಚಿಪ್ ಇಲ್ಲವಲ್ಲ! ಬ್ರೇಕ್ ಪೆಡಲ್‌ನ ರಬ್ಬರ್ ಮುಟ್ಟಿ ನೋಡಿ. ಕಾಲು ದಿನವೂ ತಾಗುವ ಅಂಚಿನಲ್ಲಿ ಗೆರೆಗಳು ಅಳಿಸಿ ನುಣ್ಣಗಾಗಿದ್ದರೆ, 32 ಸಾವಿರ ಅನ್ನುವ ಮಾತು ನಂಬಲು ಕಷ್ಟ. ಸ್ಟೀರಿಂಗ್ ಕೈ ಹಿಡಿಯುವ ಜಾಗದಲ್ಲಿ ಮಾತ್ರ ಮಿರಮಿರ ಹೊಳೆಯುತ್ತಿದೆಯಾ? ಡ್ರೈವರ್ ಸೀಟಿನ ಹೊರ ಅಂಚು ಕುಸಿದಿದೆಯಾ? ನಾನೇ ಒಮ್ಮೆ ಮೋಸ ಹೋಗಿದ್ದೇನೆ. ಹೊಸ ಸೀಟ್ ಕವರ್, ಹೊಸ ಪೆಡಲ್ ರಬ್ಬರ್ ನೋಡಿ ‘ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರೆ’ ಅಂತ ಖುಷಿಪಟ್ಟೆ. ಕಡಿಮೆ ಓಡಿದ ಗಾಡಿಗೆ ಪೆಡಲ್ ರಬ್ಬರ್ ಬದಲಿಸುವ ಅಗತ್ಯ ಯಾಕೆ ಬಂತು ಅಂತ ಆಗ ತಲೆಗೇ ಹೋಗಲಿಲ್ಲ.

ಈಗ ಟೈರ್. ಬದಿಯಲ್ಲಿ ನಾಲ್ಕು ಅಂಕಿಯ ಒಂದು ಗುರುತು ಇರುತ್ತದೆ. 3218 ಅಂತ ಇದ್ದರೆ ಅದು ತಯಾರಾದದ್ದು 2018ರ 32ನೇ ವಾರ. ನಮ್ಮ ಈ ಗಾಡಿ 2015ರದು ಅಂದುಕೊಳ್ಳಿ. ನಾಲ್ಕೂ ಟೈರ್ 2018ರವು. ಮಾಮೂಲಿ ಓಡಾಟದಲ್ಲಿ ಒಂದು ಸೆಟ್ ಟೈರ್ 40 ಸಾವಿರ ಕಿಲೋಮೀಟರ್ ಬರುವುದು ದೊಡ್ಡ ವಿಷಯವಲ್ಲ. ಹಾಗಾದರೆ ಮೊದಲ ಸೆಟ್ ಎಲ್ಲಿ ಹೋಯಿತು? ಒಂದು ಟೈರ್ ಒಡೆದಿತ್ತು ಅಂದರೆ ಒಪ್ಪೋಣ. ನಾಲ್ಕೂ ಒಡೆದವಾ?

ಸ್ಕ್ಯಾನರ್, ಅಂದರೆ ಕಾರಿನ ಕಂಪ್ಯೂಟರ್‌ನಲ್ಲಿರುವ ದಾಖಲೆ ಓದುವ ಉಪಕರಣ, ಇರುವ ಮೆಕ್ಯಾನಿಕ್ ಜೊತೆಗಿದ್ದರೆ ಇನ್ನೂ ಮಜಾ. ದೋಷಗಳ ದಾಖಲೆ ಅಳಿಸಿದ ಮೇಲೆ ಎಷ್ಟು ದೂರ ಓಡಿದೆ ಅನ್ನುವುದನ್ನು ಅನೇಕ ಗಾಡಿಗಳ ಎಂಜಿನ್ ಕಂಪ್ಯೂಟರ್ ಬೇರೆಯಾಗಿಯೇ ಎಣಿಸುತ್ತದೆ. ಮೀಟರ್ ತಿರುಗಿಸಿದವರು ಇದನ್ನು ಮರೆಯುವುದುಂಟು. ಮೀಟರ್ 32 ಸಾವಿರ ಅನ್ನುತ್ತದೆ, ಇದು 58 ಸಾವಿರ ಅನ್ನುತ್ತದೆ. ಅಲ್ಲಿಗೆ ಮುಗಿಯಿತು ಅಲ್ವಾ? ಕೆಲವು ಗಾಡಿಗಳಲ್ಲಿ ಎಂಜಿನ್ ಎಷ್ಟು ಗಂಟೆ ಓಡಿದೆ ಅಂತಲೂ ಸಿಗುತ್ತದೆ. 2,500 ಗಂಟೆ ಅಂತ ಬಂದರೆ 32 ಸಾವಿರವನ್ನು ಅದರಿಂದ ಭಾಗಿಸಿ. ಗಂಟೆಗೆ 13 ಕಿಲೋಮೀಟರ್ ಕೂಡ ಬರುವುದಿಲ್ಲ. ಸೈಕಲ್ ಇದಕ್ಕಿಂತ ಜೋರಾಗಿ ಹೋಗುತ್ತದೆ.

ಸರ್ವಿಸ್ ಬಿಲ್‌ಗಳನ್ನು ತಾರೀಖಿನ ಪ್ರಕಾರ ಜೋಡಿಸಿ. ಪ್ರತಿ ಬಿಲ್‌ನಲ್ಲೂ ಆವತ್ತಿನ ಕಿಲೋಮೀಟರ್ ಬರೆದಿರುತ್ತಾರೆ. ವರ್ಷಕ್ಕೆ 15 ಸಾವಿರ ಓಡುತ್ತಿದ್ದ ಗಾಡಿ ದಿಢೀರನೆ 2 ಸಾವಿರಕ್ಕೆ ಇಳಿದಿದ್ದರೆ ಕಾರಣ ಕೇಳಿ. ನಿಜವಾದ ಕಾರಣವೂ ಇರಬಹುದು. ಮೀಟರ್ ಕೆಟ್ಟು ಹೊಸದು ಹಾಕಿಸಿದವರೂ ಇದ್ದಾರೆ, ಅಂಥವರ ಹತ್ತಿರ ಸಾಮಾನ್ಯವಾಗಿ ಅದರ ಬಿಲ್ ಇರುತ್ತದೆ.

ಸಾಕು, ಮಾತು ಜಾಸ್ತಿ ಆಯಿತು. ಹೊರಗೆ ನನ್ನ ಕಾರು ನಿಂತಿದೆ. ಮೀಟರ್ ಮೇಲೆ ಕಾಗದ ಅಂಟಿಸಿಯೇ ಬಂದಿದ್ದೇನೆ. ಬನ್ನಿ, ಎಷ್ಟು ಓಡಿದೆ ಅಂತ ನೀವೇ ಹೇಳಿ.